ನಲವತ್ತೈದು ಮಂದಿಗೆ ಗಾಳಿ

ಬಾಗಿಲು ತಳ್ಳಿ ಅವಳು ಒಳಗೆ ಕಾಲಿಟ್ಟಿದ್ದಷ್ಟೇ, ಹಾಲ್‌ನ ನಡುವೆ ಏನೋ ಢಮ್ ಎಂದು ಸಿಡಿಯಿತು.

ಅವಳು ಕಿಟಾರನೆ ಕಿರುಚಿದಳು. ಕಂಕುಳಲ್ಲಿದ್ದ ನಕ್ಷೆಗಳ ಸುರುಳಿ ಜಾರಿ ಬಿದ್ದು, ಸಿಮೆಂಟಿನ ನೆಲದ ಮೇಲೆ ಉರುಳುತ್ತ ಹೋಗಿ ಯಾರದೋ ಬೂಟಿಗೆ ತಾಗಿ ನಿಂತಿತು.

ಬೂಟಿನ ಮೇಲೆ ಧೂಳು ಹತ್ತಿದ ಪ್ಯಾಂಟು, ಅದರ ಮೇಲೆ ತೋಳು ಮಡಚಿದ ಅಂಗಿ, ಅದರ ಮೇಲೆ ನಗು ತಡೆದುಕೊಂಡಿದ್ದ ಒಂದು ಮುಖ. ಒಂದು ಕೈಯಲ್ಲಿ ಗುಂಡುಸೂಜಿ. ಇನ್ನೊಂದು ಕೈಯಲ್ಲಿ ದಾರ ಕಟ್ಟಿದ ಬಲೂನುಗಳು, ಎರಡು ಕೆಂಪು, ಒಂದು ಹಳದಿ.

"ಸಾರಿ, ಸಾರಿ. ಈ ಹೊತ್ತಲ್ಲಿ ಯಾರೂ ಬರಲ್ಲ ಅಂದ್ಕೊಂಡಿದ್ದೆ," ಎಂದ ಅವನು. "ಆದ್ರೂ ಒಂದು ಮಾತು ಹೇಳ್ಲೇಬೇಕು. ಬಲೂನಿಗಿಂತ ನಿಮ್ಮ ಕಿರುಚಾಟ ಚೆನ್ನಾಗಿತ್ತು. ಆ ಮೂಲೆವರೆಗೂ ಹೋಗಿ ವಾಪಸ್ ಬಂತು, ಕೇಳಿಸ್ತಾ?"

ಅವಳಿಗೆ ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು. "ಕೆಲಸ ನಡೀತಿರೋ ಕಟ್ಟಡದಲ್ಲಿ ಬಲೂನ್ ಕಟ್ಟೋಕೆ ಯಾರ್ರೀ ಕಳಿಸಿದ್ದು ನಿಮ್ಮನ್ನ? ಯಾರ ಬರ್ತ್‌ಡೇ ಇಲ್ಲಿ?"

ಅವನು ಬಲೂನುಗಳನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ದೊಡ್ಡ ಟೀಚರ್ ಕಳಿಸಿದ್ರು," ಎಂದ ವಿನಯದಿಂದ.

ಅದು ಸುಳ್ಳೇನೂ ಆಗಿರಲಿಲ್ಲ. ಆ ಕಟ್ಟಡ ಹಿಂದೆ ದವಸದ ಗೋದಾಮು. ಈಗ ಸಂಗೀತ ಶಾಲೆಯಾಗುತ್ತಿತ್ತು. ಶಾಲೆ ಕಟ್ಟಿ ಬೆಳೆಸಿದ ಹಿರಿಯ ಹೆಂಗಸನ್ನು ಊರಿಗೆ ಊರೇ ದೊಡ್ಡ ಟೀಚರ್ ಎಂದು ಕರೆಯುತ್ತಿತ್ತು. ಕಟ್ಟಡ ಪರಿಸರಸ್ನೇಹಿ ಎನ್ನುವ ಗ್ರೀನ್ ಸರ್ಟಿಫಿಕೇಟ್ ಬೇಕೆಂಬುದೂ ಅವರದೇ ಹಟ. ಯಾವ ಕೋಣೆಗೆ ಹೊರಗಿನ ಗಾಳಿ ಎಷ್ಟು ಬರಬೇಕೆಂದು ಲೆಕ್ಕ ಹಾಕುವುದು ಅವಳ ಕೆಲಸ. ಆದ್ದರಿಂದ ಸೈಟಿನವರ ಬಾಯಲ್ಲಿ ಅವಳು ಗಾಳಿ ಮೇಡಂ.

ನಕ್ಷೆ ಎತ್ತಿಕೊಡುತ್ತ ಅವನು ಕೇಳಿದ, "ಇದರ ತುಂಬ ಕೆಂಪು ಗೀಟು ಇದೆಯಲ್ಲ, ಏನಾಯ್ತು?"

ಅಷ್ಟು ಕೇಳಿದ್ದೇ ಸಾಕಾಯಿತು. ಬೆಳಗಿನಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸಿಟ್ಟನ್ನೆಲ್ಲ ಅವಳು ಆ ಬಲೂನಿನವನ ಮುಂದೆ ಸುರಿದಳು. "ಯಾರೋ ಸೌಂಡ್ ಕನ್ಸಲ್ಟೆಂಟ್ ಅಂತೆ. ಮುಖ ನೋಡಿಲ್ಲ, ಬರೀ ಗೀಟು ನೋಡಿದೀನಿ. ಗಾಳಿ ಸಾಗೋ ಈ ಡಕ್ಟ್ ಬೇಡ, ಆ ಜಾಲರಿ ಬೇಡ, ಫ್ಯಾನ್ ಸದ್ದು ಮಾಡುತ್ತೆ, ಗಾಳಿ ಸದ್ದು ಮಾಡುತ್ತೆ! ಜನ ಉಸಿರಾಡೋದೂ ಬೇಡವಾ? ಅರವತ್ತು ದಾಟಿರೋ ಸಿಡುಕ ಇರ್ಬೇಕು. ಅವರ ಮನೇಲಿ ಹೆಂಡತಿ ಮಕ್ಕಳು ಕೆಮ್ಮೋ ಹಾಗೂ ಇಲ್ಲ ಅನ್ಸುತ್ತೆ."

"ಪಾಪ, ಅವರಿಗೆ ಇನ್ನೂ ಮದುವೆ ಆಗಿಲ್ಲ ಅಂತ ಕೇಳಿದೀನಿ."

"ಆಗದೇ ಇದ್ದಿದ್ದು ಒಳ್ಳೇದೇ ಆಯ್ತು."

ಅವನು ತಲೆ ಬಗ್ಗಿಸಿ ಹಳದಿ ಬಲೂನಿನ ದಾರವನ್ನು ಬೆರಳಿಗೆ ಸುತ್ತಿಕೊಂಡ. ಕಿವಿಯ ತುದಿ ಕೆಂಪಗಾಗಿದ್ದು ಅವಳಿಗೆ ಕಂಡಿತು. ಯಾಕೆಂದು ಮಾತ್ರ ತಿಳಿಯಲಿಲ್ಲ.

ತಿಳಿದದ್ದು ಸ್ವಲ್ಪ ಹೊತ್ತಿನ ಮೇಲೆ, ತಗಡಿನ ಶೆಡ್ಡಿನಲ್ಲಿ ಮೀಟಿಂಗ್ ಶುರುವಾದಾಗ. ಆರ್ಕಿಟೆಕ್ಟ್ ಎಲ್ಲರನ್ನೂ ಪರಿಚಯಿಸುತ್ತ, "ಇವರು ನಮ್ಮ ಸೌಂಡ್ ಕನ್ಸಲ್ಟೆಂಟ್, ಬಲೂನ್ ಒಡೆದು ಹಾಲ್‌ನ ಪ್ರತಿಧ್ವನಿ ಅಳೀತಾರೆ," ಎಂದು ಎದುರಿನ ಕುರ್ಚಿಯತ್ತ ಕೈ ತೋರಿಸಿದರು. ಆ ಕುರ್ಚಿಯ ಹಿಂದೆ ಬಲೂನುಗಳು ತೂಗಾಡುತ್ತಿದ್ದವು.

"ನಮಗೆ ಆಗಲೇ ಪರಿಚಯ ಆಗಿದೆ," ಎಂದ ಅವನು. "ನನ್ನ ಬಗ್ಗೆ ಮೇಡಂ ವಿವರವಾಗಿ ಹೇಳಿದ್ರು."

ಅವಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ನೆಲ ಸಿಮೆಂಟಿನದು, ಬಾಯಿಬಿಡಲಿಲ್ಲ.

ಮೀಟಿಂಗಿನ ಉದ್ದಕ್ಕೂ ಅವನು ಅವಳ ಮಾನ ಕಾಪಾಡಿದ. ಒಂದೇ ಒಂದು ಸಲ, ಆರ್ಕಿಟೆಕ್ಟ್ ಜೋರಾಗಿ ಕೆಮ್ಮಿದಾಗ, ಅವಳ ಕಡೆ ನೋಡಿ ಹುಬ್ಬು ಹಾರಿಸಿದ. ಅವಳು ನಗು ನುಂಗಲು ಹೋಗಿ ನೀರು ಕುಡಿದಳು. ನೀರು ಮೂಗಿಗೇರಿತು.

ಕೊನೆಗೆ ಆರ್ಕಿಟೆಕ್ಟ್ ಕೈ ಚೆಲ್ಲಿದರು. "ಒಬ್ಬರಿಗೆ ಗಾಳಿ ಬೇಕು, ಇನ್ನೊಬ್ಬರಿಗೆ ನಿಶ್ಶಬ್ದ ಬೇಕು. ನನಗೆ ಎರಡೂ ಬೇಕು. ಇಬ್ಬರೂ ಕೂತು ಬಗೆಹರಿಸ್ಕೊಳ್ಳಿ."

ಹೀಗೆ ಅವರಿಬ್ಬರೂ ಕೂತರು.

ಶೆಡ್ಡಿನ ಹಿಂದೆ, ಇಳಿಬಿಸಿಲಲ್ಲಿ, ಟೈಲ್ಸ್ ಬಂದಿದ್ದ ಮರದ ಪೆಟ್ಟಿಗೆಯ ಮೇಲೆ. ನಡುವೆ ಎರಡು ಕಪ್ ಟೀ.

"ಆಗ ಹಾಲ್‌ನಲ್ಲಿ ನಾನು..." ಎಂದು ಅವಳು ಶುರು ಮಾಡಿದಳು.

"ವಯಸ್ಸೊಂದು ಬಿಟ್ರೆ ಬೇರೆ ಎಲ್ಲ ನಿಜವೇ," ಎಂದು ಅವನು ಅಲ್ಲಿಗೇ ಮುಗಿಸಿದ. "ಅದಿರ್ಲಿ, ಲೆಕ್ಕ ಹೇಗೆ ಹಾಕ್ತೀರಾ ಹೇಳಿ. ನನಗೆ ನಿಜವಾಗ್ಲೂ ಗೊತ್ತಿಲ್ಲ."

ಕೇಳುವವರಿಲ್ಲದ ವಿದ್ಯೆ ಅವಳದು. ಮನೆಯಲ್ಲಿ ಅಣ್ಣ ಅತ್ತಿಗೆಗೆ ವಿವರಿಸಲು ಹೋದರೆ, "ಕಿಟಕಿ ತೆಗೆದ್ರೆ ಆಯ್ತಲ್ಲಮ್ಮ," ಎಂದು ಮುಗಿಸಿಬಿಡುತ್ತಿದ್ದರು. ಅವನ ಪ್ರಶ್ನೆಗೆ ಅವಳು ಬೆನ್ನು ನೆಟ್ಟಗೆ ಮಾಡಿ ಕುಳಿತಳು.

"ಕೋಣೇಲಿ ಎಷ್ಟು ಜನ ಇರ್ತಾರೋ, ಒಬ್ಬೊಬ್ಬರಿಗೆ ಇಷ್ಟು ಅಂತ ಒಂದು ಪಾಲು. ಆಮೇಲೆ ನೆಲ ಎಷ್ಟು ಅಗಲವೋ ಅದಕ್ಕೆ ಇಷ್ಟು ಅಂತ ಇನ್ನೊಂದು ಪಾಲು."

"ನೆಲಾನೂ ಉಸಿರಾಡುತ್ತಾ?"

"ನೆಲ, ಬಣ್ಣ, ಅಂಟು, ಕುರ್ಚಿ, ಎಲ್ಲದರಿಂದಲೂ ಏನಾದ್ರೂ ಹೊರಗೆ ಬರ್ತಾನೇ ಇರುತ್ತೆ. ಅದೂ ಹೋಗ್ಬೇಕಲ್ಲ. ಎರಡೂ ಪಾಲು ಕೂಡಿಸಿದ್ರೆ ಕನಿಷ್ಠ. ಅದಕ್ಕಿಂತ ಮೂವತ್ತು ಪರ್ಸೆಂಟ್ ಜಾಸ್ತಿ ಕೊಟ್ರೆ ಸರ್ಟಿಫಿಕೇಟಿಗೆ ಒಂದು ಪಾಯಿಂಟ್. ಆ ಪಾಯಿಂಟ್ ಇಲ್ದೇ ಇದ್ರೆ ನಾವು ಒಂದು ದರ್ಜೆ ಕೆಳಗೆ."

ಅವನು ಅವಳ ನಕ್ಷೆಯ ಒಂದು ಹಾಳೆಯನ್ನು ಬಿಗಿಯಾಗಿ ಸುತ್ತಿ ಕೊಳವೆ ಮಾಡಿದ. "ನನ್ನ ಕಷ್ಟ ತೋರಿಸ್ಲಾ? ಸ್ವಲ್ಪ ಈ ಕಡೆ ತಿರುಗಿ." ಅವಳ ಕಿವಿಯ ಬಳಿ ಕೊಳವೆ ಹಿಡಿದು ಆ ತುದಿಯಿಂದ ಊದಿದ. ಸುಯ್ ಎಂಬ ಸದ್ದು. ಕಿವಿಯ ಬಳಿಯ ಮುಂಗುರುಳು ಹಾರಿತು.

"ಇದು ನಿಮ್ಮ ಡಕ್ಟ್. ಸಣ್ಣದು, ಗಾಳಿಗೆ ಅವಸರ."

ಆಮೇಲೆ ಹಾಳೆಯನ್ನು ಸಡಿಲಿಸಿ ಅಗಲ ಮಾಡಿ ಮತ್ತೆ ಊದಿದ. ಸದ್ದೇ ಇಲ್ಲ. ಬೆಚ್ಚನೆಯದೇನೋ ಬಂದು ಕೆನ್ನೆ ತಾಗಿ ಹೋಯಿತು, ಅಷ್ಟೇ.

"ಇದು ನನಗೆ ಬೇಕಾಗಿರೋ ಡಕ್ಟ್."

ಅವಳು ಟೀ ಆರಿ ಹೋಗಿದೆಯೆಂದು ನೆಪ ಮಾಡಿಕೊಂಡು ಎದ್ದಳು.

ಮರುವಾರ ಇಬ್ಬರೂ ದೊಡ್ಡ ಟೀಚರ್ ಸದ್ಯಕ್ಕೆ ಪಾಠ ನಡೆಸುತ್ತಿದ್ದ ಬಾಡಿಗೆ ಮನೆಗೆ ಹೋದರು. ಮಹಡಿಯ ಮೇಲಿನ ಒಂದೇ ಕೋಣೆ. ಪಕ್ಕದ ಮನೆಯವರು ಗಲಾಟೆಯೆಂದು ದೂರುತ್ತಿದ್ದರಿಂದ ಕಿಟಕಿಗಳೆಲ್ಲ ಭದ್ರ. ಅಂದು ಸಮೂಹಗಾನದ ತರಗತಿ. ಆಫೀಸು ಮುಗಿಸಿ ಬಂದವರು, ಸ್ಕೂಲ್ ಬ್ಯಾಗ್ ಹೊತ್ತವರು, ಮೊಮ್ಮಗಳ ಜೊತೆ ತಾವೂ ಕಲಿಯಲು ಕೂತ ಅಜ್ಜಿಯರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಜಾಗ ಮಾಡಿಕೊಂಡ್ರೆ ಆಗುತ್ತೆ," ಎಂದರು ದೊಡ್ಡ ಟೀಚರ್. ಅವನತ್ತ ತಿರುಗಿ, "ನೀನು ಮಾತ್ರ ಬಾಯಿ ತೆಗೀಬೇಡ ಕಣಪ್ಪ," ಎಂದರು.

ಅವಳು ಅವನ ಮುಖ ನೋಡಿದಳು.

"ಚಿಕ್ಕಂದಿನಲ್ಲಿ ಇವರ ಹತ್ರಾನೇ ಕಲಿಯೋಕೆ ಬಂದಿದ್ದೆ," ಎಂದ ಅವನು ಪಿಸುಮಾತಿನಲ್ಲಿ. "ನನ್ನ ಸ್ವರ ಕೇಳಿ, ಮಗೂ ನೀನು ಬೇರೆಯವರು ಹಾಡೋದನ್ನ ಚೆನ್ನಾಗಿ ಕೇಳಿಸ್ಕೋ, ಅದೂ ಒಂದು ವಿದ್ಯೆ ಅಂದ್ರು. ಅದನ್ನೇ ಹೊಟ್ಟೆಪಾಡು ಮಾಡ್ಕೊಂಡೆ."

ಹಿಂದಿನ ಗೋಡೆಗೊರಗಿಸಿದ್ದ ಗಿಡ್ಡ ಬೆಂಚಿನ ಮೇಲೆ ಇಬ್ಬರಿಗಾಗುವಷ್ಟು ಜಾಗವಿರಲಿಲ್ಲ. ಆದರೂ ಇಬ್ಬರು ಕೂತರು. ಅವನ ಮೊಣಕೈ ಎಲ್ಲಿಟ್ಟರೂ ಅವಳದಕ್ಕೆ ತಾಗುತ್ತಿತ್ತು. ಅವನು ಕೈಕಟ್ಟಿ ನೋಡಿದ, ಮಡಿಲಲ್ಲಿಟ್ಟು ನೋಡಿದ. ಕೊನೆಗೆ ಹಾಗೇ ಬಿಟ್ಟ. ಅವಳೂ ಸರಿಸಲಿಲ್ಲ.

ಅವಳು ಚೀಲದಲ್ಲಿದ್ದ ಪುಟ್ಟ ಮೀಟರನ್ನು ಮೊಣಕಾಲ ಮೇಲಿಟ್ಟಳು. ಕೋಣೆಯಲ್ಲಿ ಜನ ಬಿಟ್ಟ ಉಸಿರು ಎಷ್ಟು ತುಂಬಿಕೊಂಡಿದೆಯೆಂದು ಅದು ತೋರಿಸುತ್ತದೆ. ಹಾಡು ಶುರುವಾದಾಗ ಸುಮಾರಾಗಿದ್ದ ಅಂಕಿ ಹಾಡಿನ ಜೊತೆಗೇ ಏರತೊಡಗಿತು.

"ಹಾಡೋವಾಗ ಉಸಿರು ಜಾಸ್ತಿ," ಎಂದು ಅವಳು ಪಿಸುಗುಟ್ಟಿದಳು.

"ನಾನು ಹಾಡ್ತಿಲ್ಲ. ಆದ್ರೂ ನನ್ನ ಪಾಲು ಜಾಸ್ತಿಯೇ ಇರ್ಬೇಕು."

"ಯಾಕೆ?"

"ಬೆಂಚ್ ಚಿಕ್ಕದು," ಎಂದ ಅವನು, ನೇರ ಮುಂದೆ ನೋಡುತ್ತ.

ಅವಳು ಮೀಟರಿನ ಅಂಕಿಯನ್ನೇ ದಿಟ್ಟಿಸಿದಳು. ಒಂದು ಅಂಕಿಯೂ ಕಣ್ಣಿಗೆ ಕಾಣಲಿಲ್ಲ.

ಅರ್ಧ ತರಗತಿ ಕಳೆಯುವ ಹೊತ್ತಿಗೆ ಮುಂದಿನ ಸಾಲಿನಲ್ಲೊಬ್ಬರು ಆಕಳಿಸಿದರು. ಆಮೇಲೆ ಪಕ್ಕದವರು, ಆಮೇಲೆ ಇಡೀ ಸಾಲು. ಅವಳು ಎದ್ದುಹೋಗಿ ದೊಡ್ಡ ಟೀಚರಿಗೆ ಮೀಟರ್ ತೋರಿಸಿ, ಆಕಳಿಕೆ ಹೊಸ ಗಾಳಿ ಸಾಲದ್ದರಿಂದ ಎಂದು ಹೇಳಿದಳು.

"ಅಯ್ಯೋ!" ಎಂದರು ಅವರು ಹಣೆ ಚಚ್ಚಿಕೊಂಡು. "ನನ್ನ ಪಾಠ ಸಪ್ಪೆ ಅಂತ ಆಕಳಿಸ್ತಾರೆ ಅಂದ್ಕೊಂಡು ಇಷ್ಟು ವರ್ಷ ಮನಸ್ಸಿಗೆ ಹಚ್ಕೊಂಡಿದ್ನಲ್ಲೇ! ಎರಡು ಹೊಸ ರಾಗ ಬೇರೆ ಕಲಿತೆ ಇವರಿಗೋಸ್ಕರ!"

ಹೊರಡುವಾಗ ಅವಳು ಮೆಟ್ಟಿಲ ಬಳಿ ನಿಂತು ಚಪ್ಪಲಿ ಹಾಕಿಕೊಳ್ಳುತ್ತಿದ್ದವರನ್ನು ಎಣಿಸಿದಳು. ನಲವತ್ತೈದು.

ನಕ್ಷೆಯಲ್ಲಿ ಸಮೂಹಗಾನದ ಕೋಣೆಗೆ ಬರೆದಿದ್ದು ಇಪ್ಪತ್ತು.

ಅಲ್ಲಿಂದ ತೊಡಕು ಶುರುವಾಯಿತು. ನಲವತ್ತೈದು ಜನಕ್ಕೆಂದರೆ ಗಾಳಿ ಎರಡರಷ್ಟು ಬೇಕು. ಇದ್ದ ಡಕ್ಟಿನಲ್ಲಿ ಅಷ್ಟನ್ನು ನುಗ್ಗಿಸಿದರೆ ಕೋಣೆ ಸುಯ್‌ಗುಟ್ಟುತ್ತದೆ. ಡಕ್ಟ್ ಅಗಲ ಮಾಡಲು ಮಾಳಿಗೆಯಡಿ ಜಾಗವಿಲ್ಲ.

"ಸುಮ್ನೆ ತಲೆ ಕೆಡಿಸ್ಕೋಬೇಡಿ," ಎಂದರು ಆರ್ಕಿಟೆಕ್ಟ್ ಮುಂದಿನ ಮೀಟಿಂಗಿನಲ್ಲಿ. ಅವರು ಕೆಟ್ಟವರಲ್ಲ. ತುಂಬ ಕೆಲಸಗಳ ನಡುವೆ ಸಿಕ್ಕಿಕೊಂಡು ನಿದ್ದೆಗೆಟ್ಟವರು. "ನಕ್ಷೇಲಿ ಇಪ್ಪತ್ತು ಕುರ್ಚಿ ಇದೆ. ಇಪ್ಪತ್ತಕ್ಕೇ ಲೆಕ್ಕ ಕೊಡಿ. ಪಾಯಿಂಟೂ ಬರುತ್ತೆ, ಸದ್ದೂ ಇರಲ್ಲ. ಯಾರು ಬಂದು ಎಣಿಸ್ತಾರೆ?"

"ನಾನು ಎಣಿಸಿ ಬಂದಿದ್ದೀನಲ್ಲ ಸಾರ್."

"ನೀವೇನ್ರೀ ಹೇಳ್ತೀರಾ?" ಎಂದು ಆರ್ಕಿಟೆಕ್ಟ್ ಅವನ ಕಡೆ ತಿರುಗಿದರು.

ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿದ, ತೆಗೆದು ಹಾಕಿದ. "ಸದ್ದಿನ ದೃಷ್ಟಿಯಿಂದ ಹೇಳೋದಾದ್ರೆ... ಇಪ್ಪತ್ತು ನನಗೆ ಅನುಕೂಲ."

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಆ ಬೆಂಚು, ಆ ಮೊಣಕೈ, ಆಕಳಿಸುತ್ತಿದ್ದ ಆ ಸಾಲು, ಎಲ್ಲವನ್ನೂ ತನ್ನ ಜೊತೆಗೇ ನೋಡಿದವನು.

"ಇಪ್ಪತ್ತು ಅಂತ ನಾನು ಸಹಿ ಹಾಕಲ್ಲ," ಎಂದಳು.

"ಹಾಕದೇ ಇದ್ರೆ ಹಾಕೋರನ್ನ ಹುಡುಕ್ಬೇಕಾಗುತ್ತೆ ಮೇಡಂ. ಬರೋ ವಾರದವರೆಗೂ ಯೋಚ್ನೆ ಮಾಡಿ."

ಅವಳು ನಕ್ಷೆ ಸುತ್ತಿಕೊಂಡು ಹೊರಗೆ ಬಂದಳು. ಹಿಂದೆ ಯಾರೋ ಬೇಗಬೇಗ ನಡೆದು ಬರುವ ಹೆಜ್ಜೆ ಕೇಳಿಸಿತು. ಅವಳು ತಿರುಗಲಿಲ್ಲ. ಸಿಕ್ಕಿದ ಬಸ್ಸು ಹತ್ತಿದಳು. ಅದು ಅವಳ ಮನೆಯ ಕಡೆಯ ಬಸ್ಸೇ ಆಗಿರಲಿಲ್ಲ.

ಮನೆಯಲ್ಲಿ ಅತ್ತಿಗೆ ತಟ್ಟೆ ಮುಂದಿಟ್ಟು ಅವಳ ಮುಖ ನೋಡಿದರು. "ಸೌಂಡ್ ಸಾರ್ ಸುದ್ದಿ ಇಲ್ವಾ ಇವತ್ತು?"

"ಯಾವ ಸೌಂಡ್ ಸಾರ್?"

"ಎರಡು ವಾರದಿಂದ ನಾವು ಊಟದ ಜೊತೆ ನಂಚ್ಕೊಳ್ತಾ ಇರೋ ಸೌಂಡ್ ಸಾರ್. ಅವರು ಹೀಗಂದ್ರು, ಅವರು ಹಾಗಂದ್ರು. ನಿಮ್ಮಣ್ಣನಿಗೆ ಅವರ ಬೂಟಿನ ಬಣ್ಣ ಕೂಡ ಗೊತ್ತು."

"ಕಂದು," ಎಂದ ಅಣ್ಣ, ಪೇಪರಿನ ಮರೆಯಿಂದ.

ಅವಳು ನಗಲಿಲ್ಲ. ನಡೆದದ್ದನ್ನು ಹೇಳಿದಳು. ಅಣ್ಣ ಪೇಪರ್ ಮಡಚಿಟ್ಟ. ಹಿಂದೊಮ್ಮೆ ಅವಳ ಮದುವೆಯ ಮಾತು ನಿಶ್ಚಯದವರೆಗೂ ಬಂದು ಮುರಿದಿತ್ತು. ಆಗಲೂ ಅವನು ಇಷ್ಟೇ ಮೆಲ್ಲಗೆ ಮಾತಾಡಿದ್ದ.

"ಸಹಿ ಹಾಕ್ಬೇಡ. ಕೆಲಸ ಹೋದ್ರೆ ಹೋಗ್ಲಿ. ಇನ್ನೊಂದು ವಿಷಯದಲ್ಲಿ ಮಾತ್ರ ಅವಸರ ಮಾಡ್ಬೇಡಮ್ಮ. ಮನುಷ್ಯ ಒಂದು ಸಲ ತಪ್ಪು ಮಾತಾಡಿದ ತಕ್ಷಣ ಕೆಟ್ಟವನಾಗಲ್ಲ."

ಆಮೇಲೆ ಸೌಂಡ್ ಸಾರ್ ಫೋನ್ ಬಂತು, ಅವಳು ಎತ್ತಲಿಲ್ಲ. ಮೆಸೇಜು ಬಂತು. "ಕೆಲಸದ ವಿಷಯ ಇದ್ರೆ ಮೇಲ್ ಮಾಡಿ ಸಾರ್," ಎಂದು ಉತ್ತರಿಸಿದಳು. 'ಸಾರ್' ಎಂದು ಬರೆಯುವಾಗ ಅವಳಿಗೇ ಚುಚ್ಚಿತು. ಆದರೂ ಅಳಿಸಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಮೇಲ್ ಬಂತು. ಒಂದೇ ಸಾಲು: 'ಗೋದಾಮಿಗೆ ಒಂದು ಸಲ ಬನ್ನಿ, ಕೆಲಸದ ವಿಷಯವೇ.'

ಹೋದಳು. ಅವನು ಸಮೂಹಗಾನದ ಕೋಣೆಯ ಹಿಂಗೋಡೆಗೆ ಕಿವಿ ಹಚ್ಚಿ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ. ತಲೆಯೆಲ್ಲ ಸುಣ್ಣದ ಪುಡಿ. ಅವಳನ್ನು ಕಂಡು ಕೈ ಒರೆಸಿಕೊಂಡ.

"ಮೊದಲು ಇನ್ನೊಂದು ಮಾತು," ಎಂದ. "ಅವತ್ತು ಬಾಯಿತಪ್ಪಿ ಬಂತು ಅನ್ನಲ್ಲ. ಯೋಚ್ನೆ ಮಾಡೇ ಹೇಳಿದ್ದೆ, ನನ್ನ ಕೆಲಸ ಸುಲಭ ಆಗುತ್ತೆ ಅಂತ. ಮಾರನೇ ದಿನ ಒಬ್ಬನೇ ಆ ತರಗತಿಗೆ ಹೋದೆ. ನನ್ನ ಪಕ್ಕ ಕೂತಿದ್ದ ಅಜ್ಜಿಗೆ ತಲೆ ಸುತ್ತು ಬಂದು ಮಧ್ಯದಲ್ಲೇ ಎದ್ದು ಹೋದ್ರು. ಮೆಟ್ಟಿಲ ಮೇಲೆ ಕೂತು, ವಯಸ್ಸಾಯ್ತು ನೋಡಪ್ಪ, ಇನ್ನು ಹಾಡೋದು ಬಿಡ್ಬೇಕು ಅಂತ ಕಣ್ಣೀರು ಹಾಕಿದ್ರು. ವಯಸ್ಸಲ್ಲ ಅಜ್ಜಿ, ಗಾಳಿ ಅಂದೆ. ಅನ್ನೋವಾಗ ನನಗೇ ನಾಚಿಕೆ ಆಯ್ತು."

ಅವನ ಮುಖದಲ್ಲಿ ನಗುವಿರಲಿಲ್ಲ. ನಗುವಿಲ್ಲದ ಅವನ ಮುಖವನ್ನು ಅವಳು ಇದೇ ಮೊದಲು ನೋಡಿದ್ದು.

"ಇಪ್ಪತ್ತು ಅಂತ ನಾನೂ ಒಪ್ಪಲ್ಲ, ಆರ್ಕಿಟೆಕ್ಟಿಗೆ ಹೇಳಿಯಾಯ್ತು. ಈಗ ಕೆಲಸದ ವಿಷಯ. ಬನ್ನಿ, ಇಲ್ಲಿ ತಟ್ಟಿ ನೋಡಿ."

ತಟ್ಟಿದಳು. ಗಟ್ಟಿ ಸದ್ದು.

"ಈಗ ಇಲ್ಲಿ." ಅವಳ ಕೈ ಹಿಡಿದು ಎರಡು ಹೆಜ್ಜೆ ಆಚೆ ಗೋಡೆಯ ಮೇಲಿಟ್ಟ.

ಮತ್ತೆ ತಟ್ಟಿದಳು. ಈ ಸಲ ಸದ್ದು ಒಳಗೆಲ್ಲೋ ಇಳಿದು ಹೋದಂತೆ ಕೇಳಿಸಿತು. ಅವಳು ಕಣ್ಣರಳಿಸಿ ಅವನತ್ತ ತಿರುಗಿದಳು. "ಟೊಳ್ಳು!"

"ಪ್ರತಿ ಮಹಡೀಲೂ ಇದೇ ಜಾಗದಲ್ಲಿ ಹೀಗೇ ಕೇಳುತ್ತೆ. ಮೇಸ್ತ್ರಿ ಹತ್ರ ಕೇಳಿ ನಾಲ್ಕು ಇಟ್ಟಿಗೆ ಸಡಿಲ ಮಾಡ್ಸಿದೀನಿ. ಒಳಗೆ ಇನ್ನೂ ನೋಡಿಲ್ಲ, ನೀವು ಬರ್ಲಿ ಅಂತ."

ಸಡಿಲ ಇಟ್ಟಿಗೆಗಳನ್ನು ಅವನು ಒಂದೊಂದಾಗಿ ಹೊರಗೆಳೆದ. ಕಂಡಿಯಿಂದ ತಂಪು ಗಾಳಿ ಸುಳಿದು ಬಂದು ಅವಳ ಮುಖಕ್ಕೆ ತಾಗಿತು. ಇಬ್ಬರೂ ತಲೆಗೆ ತಲೆ ತಾಗಿಸಿ ಟಾರ್ಚ್ ಹಿಡಿದು ಇಣುಕಿದರು. ಕೆಳಗಿನಿಂದ ಮಾಳಿಗೆಯವರೆಗೆ ನೇರ ಒಂದು ಪೊಳ್ಳು. ಮೇಲೆ ಅಡ್ಡತೊಲೆ, ಅದಕ್ಕೆ ತುಕ್ಕು ಹಿಡಿದ ರಾಟೆ. ಹಿಂದೆ ಅಲ್ಲಿ ಮೂಟೆಗಳನ್ನು ಮೇಲಕ್ಕೆಳೆಯುತ್ತಿದ್ದರು. ಮುಚ್ಚಿದವರು ಮರೆತಿದ್ದರು, ನಕ್ಷೆ ಬರೆದವರಿಗೆ ಗೊತ್ತೇ ಇರಲಿಲ್ಲ.

"ಟೇಪ್, ಟೇಪ್ ಕೊಡಿ," ಎಂದಳು ಅವಳು. ಅವನು ಹಿಡಿದ, ಅವಳು ಎಳೆದಳು. ಅಲ್ಲೇ ನಿಂತು ಫೋನಿನಲ್ಲಿ ಲೆಕ್ಕ ಹಾಕಿದಳು. ನಲವತ್ತೈದು ಮಂದಿಯ ಪಾಲು, ನೆಲದ ಪಾಲು, ಅದರ ಮೇಲೆ ಮೂವತ್ತು ಪರ್ಸೆಂಟ್. ಇಷ್ಟು ಅಗಲದಲ್ಲಿ ಅಷ್ಟು ಗಾಳಿ ಹರಿದರೆ ವೇಗ ಎಷ್ಟು? ತುಟಿ ಅಲುಗಾಡುತ್ತಿತ್ತು. ಹಣೆಯ ಮೇಲೆ ಸುಣ್ಣದ ಗೆರೆಯೊಂದು ಹತ್ತಿತ್ತು. ಅವನು ಅದನ್ನು ಒರೆಸಲೋ ಬೇಡವೋ ಎಂದು ಕೈ ಎತ್ತಿ, ಇಳಿಸಿ, ಮತ್ತೆ ಎತ್ತಿದ.

"ಬರುತ್ತೆ!" ಎಂದು ಅವಳು ಅವನ ಎರಡೂ ತೋಳು ಹಿಡಿದು ಅಲುಗಾಡಿಸಿದಳು. "ಗಾಳಿ ನಡೆದುಕೊಂಡು ಬರುತ್ತೆ ರೀ, ಓಡೋದೇ ಬೇಡ! ಪಾಯಿಂಟೂ ಬರುತ್ತೆ!"

ಹಿಡಿದದ್ದು ಅರಿವಾಗಿ ಬಿಟ್ಟಳು. ಅವನ ಅಂಗಿಯ ತೋಳಿನ ಮೇಲೆ ಅವಳ ಬೆರಳುಗಳ ಬಿಳಿ ಗುರುತು ಮೂಡಿತ್ತು. ಅವನು ಅದನ್ನು ಕೊಡವಿಕೊಳ್ಳಲಿಲ್ಲ.

"ಈಗಲಾದ್ರೂ 'ಸಾರ್' ಬಿಡ್ತೀರಾ?" ಎಂದು ಕೇಳಿದ.

"ನೋಡೋಣ, ಸಾರ್."

ಆರ್ಕಿಟೆಕ್ಟ್ ಬಂದು ಕಂಡಿಯಲ್ಲಿ ತಲೆ ಹಾಕಿ ತುಂಬ ಹೊತ್ತು ಮೇಲೆ ನೋಡಿದರು. ಹೊರಗೆ ಬಂದಾಗ ಅವರ ಮುಖದಿಂದ ಹತ್ತು ವರ್ಷ ಇಳಿದಿತ್ತು. "ಇಪ್ಪತ್ತು ಅಂದಿದ್ದು ಮರೆತುಬಿಡಿ ಮೇಡಂ," ಎಂದರು. ಅವಳು ಮರೆತಳು. ನಲವತ್ತೈದು ಎಂದು ಬರೆದು, ಸಂತೋಷದಿಂದ ಸಹಿ ಹಾಕಿದಳು.

ಆಮೇಲಿನ ತಿಂಗಳುಗಳು ಹೇಗೆ ಹೋದವೋ! ಪೊಳ್ಳಿನ ಒಳಗೋಡೆಗೆ ಸದ್ದು ಹೀರುವ ಹಲಗೆ ಹೊದಿಸಿದ್ದು ಅವನು. ಮೇಲಿನ ಫ್ಯಾನನ್ನು ಕಂಪನವಾಗದಂತೆ ರಬ್ಬರಿನ ಮೇಲೆ ಕೂರಿಸುವಾಗ ಏಣಿ ಹಿಡಿದದ್ದು ಅವಳು. ಅವಳಿಗೆ ಶೀತವಾದರೆ ಅವನು ಫೋನಿನಲ್ಲೇ ಗುರುತಿಸುತ್ತಿದ್ದ. ಅವನು ಊಟ ಮಾಡದಿದ್ದರೆ ಅವಳು ಅವನ ಸಪ್ಪೆ ದನಿಯಲ್ಲೇ ಹಿಡಿಯುತ್ತಿದ್ದಳು. 'ಸಾರ್' ತಾನಾಗಿ ಬಿದ್ದುಹೋಯಿತು. 'ನೀವು' ಮಾತ್ರ ಇಬ್ಬರ ನಡುವೆ, ಯಾರು ಮೊದಲು ದಾಟುವುದೆಂದು ಕಾಯುತ್ತ, ಹಾಗೇ ಉಳಿಯಿತು.

ಕೊನೆಗೆ ಬಣ್ಣವೂ ಒಣಗಿತು. ಉಳಿದದ್ದು ಪರೀಕ್ಷೆ ಮಾತ್ರ. ಬರುವ ಗಾಳಿ ಎಷ್ಟೆಂದು ಅವಳು ಅಳೆಯಬೇಕು. ಗಾಳಿ ಬರುವಾಗ ಸದ್ದು ಎಷ್ಟೆಂದು ಅವನು ಅಳೆಯಬೇಕು.

ಸಮೂಹಗಾನದ ಕೋಣೆ. ಸಂಜೆಯ ಬಿಸಿಲು ಹೊಸ ಮರದ ನೆಲದ ಮೇಲೆ ಚಾಪೆಯಂತೆ ಹಾಸಿತ್ತು. ಅವಳು ಏಣಿ ಹತ್ತಿ, ಜಾಲರಿಗೆ ಮೀಟರ್ ಹಿಡಿದು, ಇಳಿದಳು. ಅವನು ತನ್ನ ಯಂತ್ರವನ್ನು ಮೂರು ಕಾಲಿನ ಸ್ಟ್ಯಾಂಡಿಗೇರಿಸಿ ತುಟಿಯ ಮೇಲೆ ಬೆರಳಿಟ್ಟ. ಇನ್ನು ಇಬ್ಬರೂ ಮಾತಾಡುವಂತಿಲ್ಲ, ಅಲುಗಾಡುವಂತಿಲ್ಲ.

ಫ್ಯಾನ್ ಓಡುತ್ತಿತ್ತು. ಜಾಲರಿಗೆ ಕಟ್ಟಿದ್ದ ಕಾಗದದ ಚೂರು ಕುಣಿಯದಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ.

ಅವಳು ಅವನನ್ನು ನೋಡಿದಳು. ಯಂತ್ರದ ಮೇಲಿರಬೇಕಾದ ಅವನ ಕಣ್ಣು ಅವಳ ಮೇಲಿತ್ತು. ಅವಳು ನೆಲ ನೋಡಿದಳು, ಕಿಟಕಿ ನೋಡಿದಳು. ತಿರುಗಿ ನೋಡಿದರೆ ಕಣ್ಣು ಇನ್ನೂ ಅಲ್ಲೇ. ಈ ಸಲ ಅವಳೂ ಕಣ್ಣು ತೆಗೆಯಲಿಲ್ಲ.

ಯಂತ್ರ ಬೀಪ್ ಎಂದಿತು.

"ಆಯ್ತಾ?"

"ಊಹೂಂ." ಅವನು ಅಂಕಿ ನೋಡಿ ಗಂಭೀರವಾಗಿ ತಲೆಯಾಡಿಸಿದ. "ಎಲ್ಲೋ ಸ್ವಲ್ಪ ಅನುಮಾನ. ನಾಳೆ ಇನ್ನೊಂದ್ಸಲ ಅಳೀಬೇಕು."

ಹೀಗೆಂದು ಅವನು ಅವಳನ್ನು ಕರೆಸಿದ್ದು ಇದೇ ಮೊದಲಲ್ಲ. ಅವಳೂ ಪ್ರತಿ ಸಲ, "ಹೌದು, ಈ ಜಾಲರೀಲೂ ಏನೋ ಏರುಪೇರು," ಎಂದು ಒಪ್ಪಿಕೊಂಡು ಬರುತ್ತಿದ್ದಳು.

ಬಾಗಿಲು ತೆರೆದು ದೊಡ್ಡ ಟೀಚರ್ ಒಳಗೆ ಬಂದರು. "ಇನ್ನೂ ಅಳೀತಾನೇ ಇದೀಯೇನೋ? ಹೋದ ವಾರಾನೇ ಎಲ್ಲ ಸರಿ ಇದೆ, ಸೂಜಿ ಬಿದ್ರೂ ಕೇಳುತ್ತೆ ಟೀಚರ್ ಅಂತ ನನ್ನ ಮುಂದೆ ಕುಣಿದಾಡಿದ್ಯಲ್ಲೋ!"

ಕೋಣೆಯ ನಿಶ್ಶಬ್ದ ನಿಜಕ್ಕೂ ಬಹಳ ಚೆನ್ನಾಗಿತ್ತು.

ದೊಡ್ಡ ಟೀಚರ್ ಅವನ ಮುಖ ನೋಡಿದರು, ಅವಳ ಮುಖ ನೋಡಿದರು. "ಓಹೋ," ಎಂದರು. ಇಷ್ಟು ಚಿಕ್ಕ ಮಾತನ್ನು ಅಷ್ಟು ಉದ್ದ ಎಳೆಯಲು ಸಂಗೀತ ಬರಬೇಕು. "ನಿಧಾನವಾಗಿ ಅಳತೆ ಮಾಡ್ಕೊಳ್ಳಿ ಮಕ್ಕಳೇ. ಕೆಳಗೆ ಜನ ಬರ್ತಿದಾರೆ, ನಾನು ಅವರನ್ನ ಮಾತಾಡಿಸ್ತಾ ಇರ್ತೀನಿ." ಬಾಗಿಲು ಮುಚ್ಚಿತು.

"ಅನುಮಾನ ಎಲ್ಲಿತ್ತು?" ಎಂದು ಅವಳು ಕೇಳಿದಳು.

ಅವನು ಸ್ಟ್ಯಾಂಡಿನ ಕಾಲು ಮಡಚುತ್ತ, ಬಿಚ್ಚುತ್ತ ನಿಂತ. "ಸದ್ದಿನಲ್ಲಿ ಇರ್ಲಿಲ್ಲ."

"ಮತ್ತೆ?"

"ಕೆಲಸ ಮುಗೀತು ಅಂತ ಬರೆದುಕೊಟ್ಟುಬಿಟ್ರೆ, ನಾಳೆಯಿಂದ ಏನು ನೆಪ ಹೇಳಿ ಫೋನ್ ಮಾಡ್ಲಿ ನಿನಗೆ?"

"ಏನಂದ್ರಿ?" ಎಂದಳು ಅವಳು.

"ಏನು ನೆಪ ಹೇಳ್ಲಿ ಅಂದೆ."

"ಅದಲ್ಲ. ಕೊನೇಲಿ ಒಂದು ಪದ ಬಂತಲ್ಲ."

ಅವನು ಸ್ಟ್ಯಾಂಡ್ ಕೆಳಗಿಟ್ಟ. ನೇರ ಅವಳತ್ತ ನೋಡಿ, ನಿಧಾನವಾಗಿ, "ನಿನಗೆ," ಎಂದ.

ಅವಳು ಜಾಲರಿಯ ಕಡೆ ಕೈ ತೋರಿಸಿದಳು. "ಅಲ್ಲಿ ಗಾಳಿ ಸರಿಯಾಗಿ ಬರ್ತಿದೆ ಅಂತ ನನಗೂ ಮೊದಲ ದಿನವೇ ಗೊತ್ತಿತ್ತು. ಮತ್ತೆ ದಿನಾ ಬಂದು ಏಣಿ ಹತ್ತಿ ಇಳೀತಿದ್ದಿದ್ದು ವ್ಯಾಯಾಮಕ್ಕೆ ಅಂದ್ಕೊಂಡಿದ್ಯಾ ನೀನು?"

ಅವನ ಮುಖದಲ್ಲಿ ಬೆಳಕು ಹತ್ತಿತು. ಹತ್ತಿರ ಬಂದ. ಒಮ್ಮೆ ಎತ್ತಿ ಇಳಿಸಿದ್ದ ಕೈಯನ್ನು ಈ ಸಲ ಇಳಿಸಲಿಲ್ಲ. ಅವಳ ಕೆನ್ನೆಯ ಮೇಲಿನ ಕೂದಲನ್ನು ಕಿವಿಯ ಹಿಂದೆ ಸೇರಿಸಿದ. "ನನ್ನ ಮದುವೆ ಆಗ್ತೀಯಾ?"

"ಹೂಂ."

"ಏನು?"

"ಇಷ್ಟು ಸೂಕ್ಷ್ಮ ಕಿವಿ ಇಟ್ಕೊಂಡು ಕೇಳಿಸ್ಲಿಲ್ವಾ?"

"ಕೇಳಿಸ್ತು. ಇನ್ನೊಂದ್ಸಲ ಅಳೀಬೇಕು."

ಅವಳು ನಕ್ಕುಬಿಟ್ಟಳು. ನಗುತ್ತಲೇ ಅವನ ಎದೆಗೆ ಹಣೆಯೊರಗಿಸಿ, ಇನ್ನೊಂದು ಸಲ ಹೇಳಿದಳು.

ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಅಣ್ಣ. ಕಣ್ಣೊರೆಸಿಕೊಳ್ಳುವ ಗಡಿಬಿಡಿಯಲ್ಲಿ ಅವಳ ಬೆರಳು ಸ್ಪೀಕರಿಗೆ ತಾಗಿತು.

"ಎಲ್ಲಿದೀಯಮ್ಮ? ಆ ಸೌಂಡ್ ಸಾರ್ ಅಲ್ಲೇ ಇದಾರಾ? ಇದ್ರೆ ಊಟಕ್ಕೆ ಕರ್ಕೊಂಡ್ ಬಾ ಅಂತಿದಾಳೆ ನಿಮ್ಮತ್ತಿಗೆ. ಬರ್ತಾರಾ ಕೇಳು."

ಅವಳು ಫೋನನ್ನು ಅವನ ಮುಂದೆ ಹಿಡಿದಳು. ಅವನು ಗಂಟಲು ಸರಿಮಾಡಿಕೊಂಡ.

"ಬರ್ತೀವಿ, ಭಾವ."

ಆ ಕಡೆ ತಟ್ಟೆಯೊಂದು ಮೇಜಿಗೆ ತಾಗಿದ್ದು ಕೇಳಿಸಿತು, ಅಷ್ಟೇ.

"ಏನಂತೆ ರೀ?" ಎಂಬ ಅತ್ತಿಗೆಯ ದನಿ ದೂರದಿಂದ ಬಂತು.

ಫೋನಿಗೆ ಕೈ ಅಡ್ಡ ಹಿಡಿದೆನೆಂದು ಅಣ್ಣ ಅಂದುಕೊಂಡಿರಬೇಕು. ಹಿಡಿದಿರಲಿಲ್ಲ. "ಭಾವ ಅಂತಾನೆ ಕಣೇ!"

"ಅಂದ್ಮೇಲೆ ಬಾಯಿ ಬಿಟ್ಕೊಂಡು ನಿಂತಿದೀರಲ್ಲ, ಬೇಗ ಬನ್ನಿ ಅನ್ನಿ ಇಬ್ಬರಿಗೂ!"

ಕೆಳಗಿನಿಂದ ಹೊಸ ಕೋಣೆ ನೋಡಲು ಬಂದವರ ಹೆಜ್ಜೆಗಳು ಮೆಟ್ಟಿಲೇರತೊಡಗಿದವು. ಅಜ್ಜಿಯರು, ಮಕ್ಕಳು, ಆಫೀಸಿನವರು, ಎಲ್ಲರೂ ಮಾತಾಡುತ್ತ ಬಂದರು. ಅವರಿಬ್ಬರೂ ಗೋಡೆಗೆ ಒತ್ತಿಕೊಂಡು ಎಲ್ಲರಿಗೂ ದಾರಿ ಬಿಟ್ಟರು, ಹಿಡಿದ ಕೈಯನ್ನು ಮಾತ್ರ ಬಿಡದೆ. ಆಮೇಲೆ ಮೆಟ್ಟಿಲಿಳಿದು, ಅವಳ ಮನೆಯ ಕಡೆ ಹೋಗುವ ಬಸ್ಸನ್ನೇ ಹುಡುಕಿ ಹತ್ತಿದರು.